ಹಿಲ್ ಕ್ಲೈಂಬ್ ರೇಸಿಂಗ್: ಹೈಸ್ಕೂಲಿನಿಂದ ಇವತ್ತಿನ ತನಕ

ಈ ಮೊಬೈಲ್ ಆಟಕ್ಕೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಟ್ ಆಯಿತು ಅಂತ ಆಮೇಲೆ ಹೇಳುತ್ತೇನೆ.

ಫಿನ್ಲೆಂಡಿನ ಫಿಂಗರ್‌ಸಾಫ್ಟ್ ಕಂಪನಿ ಇದನ್ನು ತಂದದ್ದು 2012ರಲ್ಲಿ. ಹೆಸರಲ್ಲಿ ರೇಸಿಂಗ್ ಇದ್ದರೂ ರೇಸಿಗೆ ಎದುರಾಳಿ ಯಾರೂ ಇಲ್ಲ. ಒಂದು ಕೆಂಪು ಜೀಪು, ಅದರಲ್ಲಿ ನ್ಯೂಟನ್ ಬಿಲ್ ಅನ್ನುವ ಹುಡುಗ, ಮುಂದೆ ಮುಗಿಯದ ಗುಡ್ಡ. ಎಡಗಡೆ ಬ್ರೇಕ್, ಬಲಗಡೆ ಗ್ಯಾಸ್. ಸ್ಟೀರಿಂಗೇ ಇಲ್ಲ.

ಗದಗಿನಲ್ಲಿ ನಾನು ಹೈಸ್ಕೂಲು ಓದುವಾಗ ಜಿಯೋ ಇನ್ನೂ ಬಂದಿರಲಿಲ್ಲ, ಅದು ಬಂದದ್ದು 2016ಕ್ಕೆ. ನೆಟ್ ಪ್ಯಾಕ್ ಹಾಕಿಸಿ ಆಟ ಇಳಿಸಿಕೊಳ್ಳುವ ಮಾತೇ ಇಲ್ಲ. ನೆಟ್ ಇಲ್ಲದೆ ಫೋನಿನಿಂದ ಫೋನಿಗೆ ಕಳಿಸುವ ಶೇರ್‌ಇಟ್ ಆ್ಯಪ್‌ನಲ್ಲಿ ಒಬ್ಬನ ಫೋನಿಗೆ ಬಂದರೆ ಸಾಕು, ಸಂಜೆಯೊಳಗೆ ಇಡೀ ಓಣಿಗೆ ಹಬ್ಬುತ್ತಿತ್ತು. ನನಗೆ ಕೊಟ್ಟದ್ದು ಕಾಕಾನ ಮಗ. ಆಡೋಕೆ ಇಂಟರ್ನೆಟ್ ಬೇಡ, ಅದೇ ಇದರ ದೊಡ್ಡ ಗುಣ. ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವಾಗ ಅಣ್ಣಿಗೇರಿ ಹತ್ತಿರ ಸಿಗ್ನಲ್ ಸತ್ತರೂ ನಮ್ಮ ಜೀಪು ನಿಲ್ಲುತ್ತಿರಲಿಲ್ಲ. ಫೋನ್ ಮಾತ್ರ ಅಪ್ಪನದು. "ಚಾರ್ಜ್ ಎಷ್ಟ್ ಉಳಿಸೀದಿ ನೋಡು ಮೊದ್ಲ, ಮುಂಜಾನೆ ಸಾವಕಾರ್ರ ಫೋನ್ ಬರ್ತೈತಿ" ಅಂತ ಊಟಕ್ಕೆ ಕೂತಲ್ಲಿಂದಲೇ ಕೂಗುತ್ತಿದ್ದರು.

ಮೊದಮೊದಲು ಎಲ್ಲರೂ ಗ್ಯಾಸ್ ಒತ್ತಿ ಒತ್ತಿಯೇ ಸಾಯುತ್ತಾರೆ. ಜೀಪು ದಿಬ್ಬ ಹಾರಿ ಮಗುಚಿಕೊಳ್ಳುತ್ತದೆ, ಬಿಲ್‌ನ ತಲೆ ನೆಲಕ್ಕೆ ಬಡಿಯುತ್ತದೆ, ಕತ್ತು ಕಟಕ್ ಅನ್ನುತ್ತದೆ. ಆ ಸದ್ದು ಈಗಲೂ ಸಹಿಸೋಕಾಗಲ್ಲ. ಗುಟ್ಟು ಇರುವುದು ಜೀಪು ಗಾಳಿಯಲ್ಲಿರುವಾಗ. ಆಗ ಗ್ಯಾಸ್ ಒತ್ತಿದರೆ ಮೂತಿ ಮೇಲೇಳುತ್ತದೆ, ಬ್ರೇಕ್ ಒತ್ತಿದರೆ ಕೆಳಗೆ ಬಾಗುತ್ತದೆ. ಮುಂದಿನ ಇಳಿಜಾರು ನೋಡಿಕೊಂಡು, ಅದಕ್ಕೆ ಸರಿಯಾಗಿ ಮೂತಿ ಬಗ್ಗಿಸಿ ಇಳಿಸಿದರೆ ವೇಗ ಕಡಿಮೆಯಾಗಲ್ಲ, ಬಿಲ್ ಕೂಡ ಬದುಕುತ್ತಾನೆ. ಪೂರ್ತಿ ಪಲ್ಟಿ ಹೊಡೆಸಿ ಇಳಿಸಿದರೆ ನಾಣ್ಯ ಜಾಸ್ತಿ. ದೂರ ಹೋದಷ್ಟೂ ಪೆಟ್ರೋಲ್ ಡಬ್ಬಿಗಳು ಅಪರೂಪವಾಗುತ್ತವೆ. ಏರಿನ ತುದಿಯಲ್ಲಿ ಕೆಂಪು ಡಬ್ಬಿ ಕಾಣುತ್ತಾ ಇರುತ್ತದೆ, ಗಾಡಿ ಅರ್ಧಕ್ಕೇ ಹಿಂದಕ್ಕೆ ಜಾರುತ್ತದೆ. ಹೊಟ್ಟೆ ಉರಿಯದೆ ಇರುತ್ತಾ?

ಇನ್ನು ಟ್ರ್ಯಾಕ್ಟರ್. ಉಳ್ಳಾಗಡ್ಡಿ ಚೀಲ ಹೇರಿಕೊಂಡು ಎಪಿಎಂಸಿಗೆ ಹೋಗುವ ಟ್ರ್ಯಾಕ್ಟರ್‌ಗಳನ್ನು ನೋಡುತ್ತಾ ಬೆಳೆದವರು ನಾವು. ಆಟದಲ್ಲೂ ಒಂದು ಇದೆ ಅಂತ ಗೊತ್ತಾದ ಮೇಲೆ ಬೇರೆ ಗಾಡಿ ಕಡೆ ಮನಸ್ಸೇ ಹೋಗಲಿಲ್ಲ, ನಾಣ್ಯ ಕೂಡಿಡೋಕೆ ಶುರು ಮಾಡಿದೆ. ನಿಧಾನ ಗಾಡಿ, ಆದರೆ ಹಿಡಿದ ನೆಲ ಬಿಡಲ್ಲ. ಕಾಕಾನ ಮಗ ಬೈಕ್ ಪಾರ್ಟಿ. ಗುರುತ್ವ ಕಡಿಮೆ ಇರುವ ಚಂದ್ರನ ಸ್ಟೇಜಿಗೆ ನಾನು ಟ್ರ್ಯಾಕ್ಟರ್ ಒಯ್ದಾಗ, "ಲೇ, ಅಲ್ಲಿ ಹೋಗಿ ಬಿತ್ತಿಗಿ ಮಾಡ್ತೀಯೇನಲೇ?" ಅಂದಿದ್ದ. ಅವನ ಬೈಕು ಮೇಲಕ್ಕೆ ಹಾರಿದ್ದು ಕೆಳಗೆ ಬರುವಾಗ ಯಾವಾಗಲೂ ತಲೆಕೆಳಗು, ಅದರ ಬಗ್ಗೆ ಮಾತಿಲ್ಲ!

ಈಗ ಕಟ್ ಆದ ಸ್ಟಾರ್ ವಿಷಯ. ಪುಕ್ಕಟೆ ಆಟ, ಜಾಹೀರಾತು ಇರಲೇಬೇಕು, ಒಪ್ಪುತ್ತೇನೆ. ಆದರೆ ಗುಡ್ಡದ ಗುಂಗಿನಲ್ಲಿ ಇರುವಾಗ ನಡುವೆ ವಿಡಿಯೋ ಬಂದರೆ ಕೈಯ ಲಯ ತಪ್ಪುತ್ತದೆ. ಅಪ್ಪನ ಆ ಹಳೇ ಫೋನ್ ಕೆಟ್ಟಾಗ ಅದರ ಜೊತೆ ನನ್ನ ನಾಣ್ಯ, ಟ್ರ್ಯಾಕ್ಟರ್ ಎಲ್ಲ ಹೋದವು. ಮತ್ತೆ ಬರಿ ಜೀಪಿನಿಂದ ಶುರು. ಬೇಜಾರಾಗಲಿಲ್ಲ ಅಂದರೆ ಸುಳ್ಳು, ಆದರೂ ಎರಡನೇ ಸಲ ಕೂಡಿಸುವಾಗಲೂ ಅಷ್ಟೇ ಮಜಾ ಬಂತು.

2016ರಲ್ಲಿ ಬಂದ ಎರಡನೇ ಭಾಗವನ್ನೂ ಹಾಕಿಕೊಂಡು ನೋಡಿದೆ. ಚಿತ್ರ ಚೆಂದ, ಬೇರೆಯವರ ಜೊತೆ ರೇಸೂ ಇದೆ. ಆದರೆ ಬಹುಮಾನದ ಪೆಟ್ಟಿಗೆ ಗೆಲ್ಲೋದು, ಅದು ತೆರೆಯಲಿ ಅಂತ ಗಂಟೆಗಟ್ಟಲೆ ಕಾಯೋದು, ಯಾರಿಗೆ ಬೇಕು? ಗೆಲುವು ಸೋಲು ಬೇಕು ಅನ್ನುವವರಿಗೆ ಅದೇ ಸರಿ. ಸುಮ್ನೆ ಊಟ ಆದ ಮೇಲೆ ಹತ್ತು ನಿಮಿಷ ಗುಡ್ಡ ಹತ್ತೋಕೆ ಹಳೆಯದೇ ಸಾಕು.

ಹೊಸದಾಗಿ ಹಾಕಿಕೊಳ್ಳುವವರು ಸಿಕ್ಕ ನಾಣ್ಯವನ್ನೆಲ್ಲ ಎಂಜಿನ್‌ಗೆ ಸುರಿಯಬೇಡಿ, ಜೀಪು ಇನ್ನೂ ಬೇಗ ಪಲ್ಟಿಯಾಗುತ್ತದೆ ಅಷ್ಟೇ. ಟೈರ್, ಸಸ್ಪೆನ್ಷನ್ ಕಡೆಗೂ ಹಾಕಿ. ಡೇಟಾ ಆಫ್ ಮಾಡಿಕೊಂಡೇ ಆಡಿ.