ಹೊಸ್ತಿಲು ದಾಟಿಸಿದ ಕುರ್ಚಿ ಯಾವುದು?

ಕೊನೆ ಕೊಯ್ಯಲು ಅಡಿಕೆ ಮರ ಹತ್ತಿದ್ದಾಗ ಬಿದ್ದು ಬೆನ್ನುಮೂಳೆ ಮುರಿದುಕೊಂಡು ಹನ್ನೊಂದು ವರ್ಷವಾಯಿತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಕೈ, ಭುಜ, ಎದೆ ಗಟ್ಟಿಯಾಗಿವೆ. ಈ ಅವಧಿಯಲ್ಲಿ ಮೂರು ಬಗೆಯ ಗಾಲಿಕುರ್ಚಿಗಳಲ್ಲಿ ಕುಳಿತಿದ್ದೇನೆ: ಎಂಟು ವರ್ಷ ಕಬ್ಬಿಣದ ಮಡಚುವ ಕುರ್ಚಿ, ನಡುವೆ ಒಂದೂವರೆ ತಿಂಗಳು ನೆಂಟರೊಬ್ಬರಿಂದ ಎರವಲು ತಂದ ಬ್ಯಾಟರಿ ಕುರ್ಚಿ, ಈಗ ಮೂರು ವರ್ಷಗಳಿಂದ ಮೈಯಳತೆ ಕೊಟ್ಟು ಮಾಡಿಸಿದ, ಮಡಚಲಾಗದ ಗಟ್ಟಿ ಚೌಕಟ್ಟಿನ ಕುರ್ಚಿ. ನಾನಿರುವುದು ಸಾಗರ ತಾಲ್ಲೂಕಿನ ಹಳೆಯ ಹಳ್ಳಿಮನೆಯಲ್ಲಿ. ಲಿಫ್ಟ್ ಇರುವ, ನೆಲ ಸಪಾಟಾಗಿರುವ ನಗರದ ಫ್ಲಾಟಿನಲ್ಲಿ ಇದೇ ಕುರ್ಚಿಗಳ ಗುಣದೋಷಗಳು ಬೇರೆಯಾಗಿಯೇ ಕಂಡಾವು.

ಕಬ್ಬಿಣದ ಕುರ್ಚಿ ನನಗೆ ಶಿಬಿರವೊಂದರಲ್ಲಿ ಉಚಿತವಾಗಿ ಸಿಕ್ಕಿತು. ಅದರ ತೂಕ 19 ಕೆ.ಜಿ., ಆಸನದ ಅಗಲ 18 ಅಂಗುಲ. ನನ್ನ ಸೊಂಟದ ಅಗಲ 15 ಅಂಗುಲ. ಉಳಿದ ಮೂರು ಅಂಗುಲ ಆರಾಮಕ್ಕೆಂದೇ ಬಹುಕಾಲ ತಿಳಿದಿದ್ದೆ. ಜೋತುಬಿದ್ದ ರೆಕ್ಸಿನ್ ಆಸನದಲ್ಲಿ ಮೈ ಮೆಲ್ಲಗೆ ಎಡಕ್ಕೆ ವಾಲುತ್ತಿತ್ತು, ಇಡೀ ಭಾರ ಎಡಗಡೆಯ ಕೂರುವ ಎಲುಬಿನ ಮೇಲೆ ಬೀಳುತ್ತಿತ್ತು. ಅಲ್ಲಿ ಸ್ಪರ್ಶವೇ ಇಲ್ಲದ ಕಾರಣ ನೋವು ಎಚ್ಚರಿಸುವ ಪ್ರಶ್ನೆಯೇ ಇರಲಿಲ್ಲ. ಒಂದು ಸಂಜೆ ಪಂಚೆಯ ಮೇಲೆ ರೂಪಾಯಿಯಗಲದ ರಕ್ತದ ಕಲೆ ಕಂಡು ಅಮ್ಮ ಕೇಳಿದಾಗಲೇ ಹುಣ್ಣಾಗಿರುವುದು ಗೊತ್ತಾದದ್ದು. ಅದು ಮಾಯಲು ನಾಲ್ಕು ತಿಂಗಳು ಬೋರಲು ಮಲಗಬೇಕಾಯಿತು. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿ ಮೈಯನ್ನೆತ್ತಿ ಒತ್ತಡ ಇಳಿಸಬೇಕೆಂಬುದನ್ನು ಕಲಿತದ್ದೂ ಆಮೇಲೆಯೇ.

ಈ ಕುರ್ಚಿಯ ಇನ್ನೊಂದು ತೊಡಕು ಅದರ ಅಚ್ಚಿನದು. ದೊಡ್ಡ ಗಾಲಿಯ ಅಚ್ಚು ಭುಜಕ್ಕಿಂತ ಹಿಂದೆ ಇರುವುದರಿಂದ ಕುರ್ಚಿ ಹಿಂದಕ್ಕೆ ಮಗುಚುವ ಭಯವಿಲ್ಲ. ಆದರೆ ಅದೇ ಕಾರಣಕ್ಕೆ ಮುಂದಿನ ಚಿಕ್ಕ ಗಾಲಿಗಳ ಮೇಲೆ ಭಾರ ಹೆಚ್ಚಾಗಿ, ಅವನ್ನು ಕುಳಿತವರು ತಾವಾಗಿ ಎತ್ತಲು ಆಗುವುದಿಲ್ಲ. ನಮ್ಮ ಮನೆಯ ಹೊಸ್ತಿಲು ನಾಲ್ಕು ಅಂಗುಲ ಎತ್ತರವಿದೆ. ಅದನ್ನು ಕತ್ತರಿಸಿ ಸಮ ಮಾಡೋಣವೆಂದು ಬಡಗಿಯನ್ನು ಕರೆಸಿದ್ದೆ. ದಿನವೂ ಅರಿಸಿನ ಕುಂಕುಮ ಹಚ್ಚಿ ರಂಗೋಲಿ ಎಳೆಯುವ ಹೊಸ್ತಿಲಿಗೆ ಗರಗಸ ಹಾಕಲು ಅಮ್ಮ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಹೀಗಾಗಿ ಎಂಟು ವರ್ಷ ಒಳಗೆ ಹೋಗಲು, ಹೊರಗೆ ಬರಲು ಯಾರನ್ನಾದರೂ ಕೂಗಬೇಕಿತ್ತು. ಅಡುಗೆಮನೆಯ ಬಾಗಿಲು 27 ಅಂಗುಲ, ಕುರ್ಚಿಯ ಒಟ್ಟು ಅಗಲ 26 ಅಂಗುಲ. ಎರಡೂ ಕೈಗಳ ಬೆರಳ ಗೆಣ್ಣುಗಳಲ್ಲಿ ಇಂದಿಗೂ ಉಳಿದಿರುವ ಕಪ್ಪು ಗಾಯಗಳು ಆ ಬಾಗಿಲಿನ ಚೌಕಟ್ಟು ಕೊಟ್ಟವು. ಇಷ್ಟಾದರೂ ಅದರ ಒಂದು ಗುಣವನ್ನು ಮರೆಯುವಂತಿಲ್ಲ: ಪಂಕ್ಚರ್ ಆದರೆ, ಕಡ್ಡಿ ಮುರಿದರೆ, ಊರಿನ ಸೈಕಲ್ ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಸರಿಯಾಗುತ್ತಿತ್ತು.

ಬ್ಯಾಟರಿ ಕುರ್ಚಿಯನ್ನು ತಂದದ್ದು ಬಲಭುಜದ ನೋವಿನಿಂದ. ವರ್ಷಗಟ್ಟಲೆ ಕೈಯಿಂದ ಗಾಲಿ ತಳ್ಳುವವರಿಗೆ ಭುಜದ ನೋವು ಬರುವುದು ಸಾಮಾನ್ಯ. ಮೊದಲ ವಾರ ನಿಜಕ್ಕೂ ಹಬ್ಬದಂತಿತ್ತು. ನಾನು ಲೆಕ್ಕ ಬರೆಯುವ ಸಹಕಾರ ಸಂಘದ ಕಚೇರಿ ಒಂದು ಕಿಲೋಮೀಟರ್ ದೂರದಲ್ಲಿ, ಏರಿನ ಆಚೆಗಿದೆ; ಆ ಏರನ್ನು ಯಾರ ನೆರವೂ ಇಲ್ಲದೆ, ಬೆವರದೆ ಹತ್ತಿದೆ. ಅದಕ್ಕಿಂತಲೂ ದೊಡ್ಡದು, ಒಂದು ಕೈ ಬಿಡುವಾಗಿದ್ದುದರಿಂದ ಮಳೆಯಲ್ಲಿ ಕೊಡೆ ಹಿಡಿದುಕೊಂಡೆ. ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಕೈಯಿಂದ ತಳ್ಳುವ ಕುರ್ಚಿಯಲ್ಲಿರುವವನಿಗೆ ಕೊಡೆ ಎಂಬುದು ಬೇರೆಯವರ ವಸ್ತು.

ಆದರೆ ಆ ಕುರ್ಚಿಯ ತೂಕ ಬ್ಯಾಟರಿ ಸೇರಿ 48 ಕೆ.ಜಿ. ಜಗಲಿಗೆ ಹತ್ತಲು ಜಂಬಿಟ್ಟಿಗೆ ಕಲ್ಲಿನಲ್ಲಿ ಇಳಿಜಾರು ಕಟ್ಟಿಸಿದ್ದೆ, ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬ ಅಂಗೀಕೃತ ಅಳತೆಯಲ್ಲಿ. ಹಾಗಾಗಿ ಜಗಲಿಯವರೆಗೆ ಚಿಂತೆಯಿರಲಿಲ್ಲ. ಹೊಸ್ತಿಲಿನ ಬಳಿ ಮಾತ್ರ ಹಿಂದೆ ಒಬ್ಬರು ಸಾಕಾಗುತ್ತಿದ್ದಲ್ಲಿ ಈಗ ಇಬ್ಬರು ಗಂಡಸರು ಬೇಕಾದರು. ಬ್ಯಾಟರಿ ಸೀಸ ಮತ್ತು ಆಮ್ಲದ ಹಳೆಯ ಬಗೆಯದು, ರಾತ್ರಿಯಿಡೀ ಚಾರ್ಜ್ ಆಗಬೇಕಿತ್ತು. ಜುಲೈಯಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋಗಿದ್ದಾಗ, ಉಳಿದ ಚಾರ್ಜನ್ನು ನಂಬಿ ಹೊರಟು ಕೆರೆ ಏರಿಯ ಮೇಲೆ ನಿಂತೆ. ಬ್ಯಾಟರಿ ಬರಿದಾದೊಡನೆ ಮೋಟಾರಿನ ಬ್ರೇಕ್ ತಾನಾಗಿ ಹಿಡಿದುಕೊಳ್ಳುತ್ತದೆ. ಗಾಲಿಯ ಬಳಿಯ ಸಣ್ಣ ಕೀಲನ್ನು ತಿರುಗಿಸಿದ ಹೊರತು ಕುರ್ಚಿಯನ್ನು ತಳ್ಳಲೂ ಬಾರದು. ಆ ಕೀಲು ಕುಳಿತವನ ಕೈಗೆ ಎಟುಕುವ ಜಾಗದಲ್ಲಿರಲಿಲ್ಲ. ಹಾಲಿನ ಡೈರಿಗೆ ಹೊರಟಿದ್ದ ಹುಡುಗನೊಬ್ಬ ಬರುವವರೆಗೆ ಮುಕ್ಕಾಲು ಗಂಟೆ ಅಲ್ಲೇ ಕುಳಿತಿದ್ದೆ, ಕೊಡೆ ಹಿಡಿದುಕೊಂಡೇ. ಕೈಗಳಲ್ಲಿ ಬಲವಿಲ್ಲದವರಿಗೆ ಮೋಟಾರು ಅನಿವಾರ್ಯ, ಅವರ ಲೆಕ್ಕ ಬೇರೆ. ನನ್ನಂಥವರಿಗೆ ಇದು ಮನೆಯ ಹೊರಗೆ ಕೊಟ್ಟದ್ದನ್ನು ಮನೆಯ ಒಳಗೆ ಕಸಿದುಕೊಂಡಿತು.

ಮೂರನೆಯದನ್ನು ಮಾಡಿಸಲು ಸೊಂಟದ ಅಗಲ, ತೊಡೆಯ ಉದ್ದ, ಮಂಡಿಯಿಂದ ಹಿಮ್ಮಡಿವರೆಗಿನ ಉದ್ದ, ಬೆನ್ನಿನ ಎತ್ತರ, ತೂಕ ಇವೆಲ್ಲವನ್ನೂ ಕೊಟ್ಟೆ. ದರ್ಜಿಯ ಟೇಪು ಹಿಡಿದು ಅಳತೆ ತೆಗೆದದ್ದು ತಂಗಿ. ಬಂದ ಕುರ್ಚಿಯ ಆಸನ ಹದಿನೈದೂವರೆ ಅಂಗುಲ, ಒಟ್ಟು ಅಗಲ 23 ಅಂಗುಲ, ತೂಕ 12 ಕೆ.ಜಿ. ತೂಕ ಇಳಿದದ್ದನ್ನೇ ಎಲ್ಲರೂ ಹೊಗಳುತ್ತಾರೆ, ಆದರೆ ನನ್ನ ಅನುಭವದಲ್ಲಿ ದೊಡ್ಡ ವ್ಯತ್ಯಾಸ ತಂದದ್ದು ಅಚ್ಚಿನ ಜಾಗ. ಇದರಲ್ಲಿ ಅಚ್ಚು ಮುಂದಕ್ಕಿದೆ. ಕೈಯನ್ನು ಇಳಿಬಿಟ್ಟರೆ ಬೆರಳ ತುದಿ ಗಾಲಿಯ ನಡುವಿಗೆ ಮುಟ್ಟುತ್ತದೆ. ಹಾಗಾಗಿ ತಳ್ಳುವಾಗ ಭುಜ ಹಿಂದಕ್ಕೆ ತಿರುಚುವುದಿಲ್ಲ, ಒಂದೇ ತಳ್ಳಿಗೆ ಕುರ್ಚಿ ಹೆಚ್ಚು ದೂರ ಸಾಗುತ್ತದೆ, ಮತ್ತು ಗಾಲಿಗೆ ಚುರುಕಾಗಿ ಒಂದು ಜಗ್ಗು ಕೊಟ್ಟರೆ ಮುಂದಿನ ಗಾಲಿಗಳು ನೆಲ ಬಿಟ್ಟು ಏಳುತ್ತವೆ. ಈ ಜಗ್ಗನ್ನು ಕಲಿಯಲು ಹದಿನೈದು ದಿನ ಹಿಡಿಯಿತು. ಹಿಂದೆ ಹಾಸಿಗೆ ಹಾಸಿಕೊಂಡು, ಬೀಳುವಾಗ ಗದ್ದವನ್ನು ಎದೆಗೆ ಒತ್ತಿಕೊಂಡು, ಎರಡು ಸಲ ಅಂಗಾತ ಬಿದ್ದೆ. ಹದಿನಾರನೆಯ ದಿನ ಮುಂದಿನ ಗಾಲಿಗಳನ್ನು ರಂಗೋಲಿಯ ಆಚೆಗಿಳಿಸಿ, ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದು ಮೈಯನ್ನು ಮುಂದಕ್ಕೆ ಬಾಗಿಸಿ ಎಳೆದುಕೊಂಡೆ. ಹಿಂದಿನ ಗಾಲಿಗಳು ಹೊಸ್ತಿಲನ್ನೇರಿ ಧಡ್ಡನೆ ಒಳಗಿಳಿದವು. ಅಮ್ಮ ಅಡುಗೆಮನೆಯಿಂದಲೇ "ಯಾರು ಬಂದ್ರು?" ಎಂದು ಕೇಳಿದರು.

ಇದರ ದೋಷಗಳನ್ನೂ ಹೇಳಬೇಕು. ಮುಂದಿನ ಗಾಲಿಗಳು ಐದೇ ಅಂಗುಲದವು, ಮಳೆಗಾಲದ ಅಂಗಳದ ಕೆಸರಿನಲ್ಲಿ ಹೂತುಹೋಗುತ್ತವೆ. ಬೇರಿಂಗ್ ಸವೆದಾಗ ಸೈಕಲ್ ಅಂಗಡಿಯವನು ಕೈಯಾಡಿಸಿ ನೋಡಿ ಹಿಂದಕ್ಕೆ ಕೊಟ್ಟ. ಬಿಡಿಭಾಗ ಕೊರಿಯರಿನಲ್ಲಿ ಬರಲು ಮೂರು ವಾರ ಬೇಕಾಯಿತು. ಚೌಕಟ್ಟು ಮಡಚುವುದಿಲ್ಲ, ಆದರೆ ಗುಂಡಿ ಒತ್ತಿದರೆ ದೊಡ್ಡ ಗಾಲಿಗಳು ಕಳಚಿ ಬರುವುದರಿಂದ ಓಮ್ನಿಯಲ್ಲಿ ಇಡಲು ತೊಂದರೆಯಾಗಿಲ್ಲ. ಬೆಲೆ 42,000 ರೂಪಾಯಿ, ಒತ್ತಡ ತಗ್ಗಿಸುವ ಗಾಳಿದಿಂಬಿಗೆ ಬೇರೆ ದುಡ್ಡು. ದಿಂಬಿನ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬಾರದೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಒಳ್ಳೆಯ ದಿಂಬಿಟ್ಟಿದ್ದರೆ ಆ ಕಬ್ಬಿಣದ ಕುರ್ಚಿಯಲ್ಲೂ ಹುಣ್ಣು ತಪ್ಪುತ್ತಿತ್ತೇನೋ. ಕಡಿಮೆ ಆದಾಯದವರು, ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರವಿದ್ದರೆ, ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಸಾಧನ ಸಲಕರಣೆಗೆ ಅರ್ಜಿ ಹಾಕಬಹುದು.

ಕಬ್ಬಿಣದ ಕುರ್ಚಿಯನ್ನು ಮಾರಿಲ್ಲ. ಅದು ಹಿತ್ತಲಿನಲ್ಲಿದೆ, ಅಡಿಕೆ ಸುಲಿಯುವ ಕಾಲಕ್ಕೆ ಅಂಗಳಕ್ಕೆ ಇಳಿಯುವಾಗ, ನೀರು ಮಣ್ಣಿನ ಕೆಲಸವಿದ್ದಾಗ ಅದೇ ಬೇಕು. ಕಚೇರಿ ದಾರಿಯ ಏರಿನ ಪ್ರಶ್ನೆ ಮಾತ್ರ ಉಳಿದಿದೆ. ಅಳತೆಯ ಕುರ್ಚಿಯ ಮುಂದೆ ಸಿಕ್ಕಿಸುವ ಮೋಟಾರು ಗಾಲಿಗಳು ಈಗ ಸಿಗುತ್ತವೆ. ಐಐಟಿ ಮದ್ರಾಸ್‌ನವರು ನಿಯೋಮೋಷನ್ ಕಂಪನಿಯೊಡನೆ 2021ರಲ್ಲಿ ಹೊರತಂದ ನಿಯೋಬೋಲ್ಟ್ ಅಂಥದ್ದು, ಗಂಟೆಗೆ 25 ಕಿ.ಮೀ. ವೇಗದವರೆಗೆ ಓಡುತ್ತದೆ. ಶಿವಮೊಗ್ಗದ ಸ್ನೇಹಿತನೊಬ್ಬನ ಬಳಿ ಇದೇ ಬಗೆಯದನ್ನು ಅರ್ಧ ದಿನ ಓಡಿಸಿದೆ. ಮನೆಗೆ ಬಂದೊಡನೆ ಅದನ್ನು ಬಾಗಿಲ ಹೊರಗೇ ಕಳಚಿಟ್ಟು ಹಗುರ ಕುರ್ಚಿಯಲ್ಲಿ ಒಳಗೆ ಹೋಗಬಹುದಾದ್ದರಿಂದ, ಮುಂದಿನ ಅಡಿಕೆ ದುಡ್ಡು ಬಂದಾಗ ಅದನ್ನೇ ಕೊಳ್ಳುವ ಯೋಚನೆಯಿದೆ. ಕೊಡೆ ಹಿಡಿಯುವ ಸುಖ ಮಾತ್ರ ಅದರಲ್ಲಿಲ್ಲ. ಎರಡೂ ಕೈಗಳು ಹ್ಯಾಂಡಲಿನ ಮೇಲೇ ಇರಬೇಕು.