ಡಬಲ್ ಬಾಸ್‌ಗೆ ಎಂಎಕ್ಸ್‌ಆರ್ ಎಂ87: ಒತ್ತಿ ಹಿಡಿಯಿರಿ, ಆದರೆ ಮೆಲ್ಲಗೆ

ನಿಂತು ನುಡಿಸುವ ದೊಡ್ಡ ಬಾಸ್‌ಗೆ ಕಂಪ್ರೆಸರ್ (ಜೋರಾದ ಸ್ವರಗಳನ್ನು ತಗ್ಗಿಸಿ ದನಿಯ ಏರಿಳಿತ ಕಡಿಮೆ ಮಾಡುವ ಸಾಧನ) ಬೇಡವೇ ಬೇಡ ಎಂದು ನಾನು ವರ್ಷಗಟ್ಟಲೆ ಹಟ ಹಿಡಿದಿದ್ದೆ. ಎಂಎಕ್ಸ್‌ಆರ್ ಕಂಪನಿಯ ಬಾಸ್ ಕಂಪ್ರೆಸರ್ ಪೆಡಲ್ ಎಂ87 ಬಂದ ಮೇಲೆ ಆ ಹಟ ಬಿಟ್ಟೆ.

ಇದರಲ್ಲಿ ಥ್ರೆಶೋಲ್ಡ್, ಅಂದರೆ ಒತ್ತಡ ಶುರುವಾಗುವ ಮಿತಿಯನ್ನು ಹೊಂದಿಸುವ ಗುಂಡಿಯಿಲ್ಲ. ಇನ್‌ಪುಟ್ ಏರಿಸಿದಷ್ಟೂ ಒತ್ತಡ ಹೆಚ್ಚು. ಅನುಪಾತ ನಾಲ್ಕೇ: 4:1, 8:1, 12:1, 20:1. 4:1ರಲ್ಲಿ ಮಿತಿಯನ್ನು 8 ಡೆಸಿಬಲ್ ದಾಟಿದ ಸ್ವರ ಹೊರಬರುವಾಗ 2 ಡೆಸಿಬಲ್ ಮಾತ್ರ ದಾಟಿರುತ್ತದೆ. ಬೆರಳಿನಿಂದ ಮೀಟುವಾಗ ನನಗೆ ಅಷ್ಟೇ ಸಾಕು. ತಂತಿಯನ್ನು ಹಲಗೆಗೆ ಬಡಿದು ಸ್ಲ್ಯಾಪ್ ನುಡಿಸುವ ದಿನ ಮಾತ್ರ 20:1, ಅಂದರೆ ಹೆಚ್ಚುಕಡಿಮೆ ಲಿಮಿಟರ್, ದನಿ ಮಿತಿ ದಾಟದಂತೆ ತಡೆಯುವ ಸಾಧನ. ಆ ಚಟ್ ಎಂಬ ಏಟಿನಿಂದ ಸ್ಪೀಕರ್ ಉಳಿಯುತ್ತದೆ.

ಅಟ್ಯಾಕ್ (ಒತ್ತಡ ಎಷ್ಟು ಬೇಗ ಶುರುವಾಗಬೇಕು ಎಂಬುದರ ಗುಂಡಿ) ಬಗ್ಗೆ ಒಂದು ಮಾತು. ಅದನ್ನು ತೀರಾ ಚುರುಕಾಗಿಟ್ಟರೆ ಬೆರಳು ತಂತಿ ಬಿಡುವ ಆ ಮೊದಲ ಕ್ಷಣವೇ ಸತ್ತುಹೋಗುತ್ತದೆ. ಮರದ ದನಿ ಇರುವುದೇ ಅಲ್ಲಿ! ನಾನು ನಿಧಾನದ ಕಡೆಗೇ ತಿರುಗಿಸುತ್ತೇನೆ, ಎಷ್ಟು ಒತ್ತಡ ಬಿದ್ದಿದೆ ಎಂದು ತೋರಿಸುವ ದೀಪಗಳು ಎರಡು ಮೂರಕ್ಕಿಂತ ಹೆಚ್ಚು ಹೊತ್ತಿಕೊಳ್ಳದಂತೆ ನೋಡಿಕೊಳ್ಳುತ್ತೇನೆ.

ಔಟ್‌ಪುಟ್ ವಿಷಯದಲ್ಲಿ ಎಚ್ಚರ. ಅಲ್ಲಿ 6 ಡೆಸಿಬಲ್ ಏರಿಸಿದರೆ ನೀವು ಸುಮ್ಮನಿರುವಾಗ ಫೀಡ್‌ಬ್ಯಾಕ್ (ಸ್ಪೀಕರಿನ ದನಿ ಬಾಸ್‌ಗೇ ಮರಳಿ ಗುಂಯ್‌ಗುಡುವುದು) ಕೂಡ ಅಷ್ಟೇ ಹತ್ತಿರ ಬರುತ್ತದೆ. ಒಮ್ಮೆ ಚಿಕ್ಕ ಹಾಲ್ ಒಂದರಲ್ಲಿ, ಮೆಲುಹಾಡಿನ ನಡುವೆ ನನ್ನ ಎ ತಂತಿ ತಾನಾಗಿ ಗುಂಯ್‌ಗುಟ್ಟಿತು. 55 ಹರ್ಟ್ಸ್‌ನ ಆ ಗುಡುಗು ಗಾಯಕಿಯ ದನಿಯನ್ನು ನುಂಗಿಬಿಟ್ಟಿತು. ಇವತ್ತಿಗೂ ನೋವಿದೆ. ಈಗ ಒತ್ತಡದಲ್ಲಿ ಕಳೆದುಕೊಂಡಷ್ಟನ್ನೇ ವಾಪಸ್ ಕೊಡುತ್ತೇನೆ, ಹೆಚ್ಚಿಲ್ಲ.

ಪೀಜೋ ಪಿಕಪ್ (ವಾದ್ಯದ ಕಂಪನವನ್ನು ಹಿಡಿಯುವ ಸಾಧನ) ಇದ್ದರೆ ಮೊದಲು ಅದರ ಸಂಕೇತಕ್ಕೆ ಬಲ ಕೊಡುವ ಪ್ರಿಆಂಪ್, ಆಮೇಲೆ ಇದು. ಕಮಾನಿನಿಂದ ನುಡಿಸುವಾಗ ಆರಿಸಿಬಿಡುತ್ತೇನೆ: ಅಲ್ಲಿ ಏರಿಳಿತವೇ ಸಂಗೀತ.