ಹಳೆಯ ವಿಎಚ್‌ಎಸ್ ಕ್ಯಾಸೆಟ್ ಕಂಪ್ಯೂಟರಿಗೆ: ಯುಎಸ್‌ಬಿ ಡಬ್ಬಿಯೋ, ಸ್ಟುಡಿಯೋವೋ, ಡಿವಿಡಿ ರೆಕಾರ್ಡರೋ?

ಮನೆಯ ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಲು ನಾನು ಮೂರು ದಾರಿಗಳನ್ನು ಪ್ರಯತ್ನಿಸಿದೆ. ಕೊನೆಗೆ ಕೈ ಹಿಡಿದದ್ದು ಎಲ್ಲರೂ ಗುಜರಿಗೆ ಹಾಕುತ್ತಿರುವ ಡಿವಿಡಿ ರೆಕಾರ್ಡರ್. ಅದನ್ನೇ ಮೊದಲು ಕೊಂಡಿದ್ದರೆ ಒಂದು ಮಳೆಗಾಲ ಉಳಿಯುತ್ತಿತ್ತು.

ಬದಿಯಡ್ಕದ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಒಟ್ಟು ಒಂಬತ್ತು ಕ್ಯಾಸೆಟ್‌ಗಳಿದ್ದವು. ಅಣ್ಣನ ಉಪನಯನ, ಅಜ್ಜನ ಷಷ್ಟ್ಯಬ್ದ, ಎರಡು ಮದುವೆಗಳು, ಮತ್ತು 1993ರಲ್ಲಿ ನಮ್ಮ ಅಂಗಳದಲ್ಲಿ ನಡೆದ ಹರಕೆಯ ಬಯಲಾಟದ ಮೂರು ಕ್ಯಾಸೆಟ್‌ಗಳು ಅವುಗಳಲ್ಲಿ ಮುಖ್ಯವಾದವು. ಪೆರ್ಲದ ಚಿಕ್ಕಮ್ಮನ ಮನೆಯಲ್ಲಿ ಓಡುವ ಸ್ಥಿತಿಯಲ್ಲಿದ್ದ ವಿಸಿಆರ್, ಅಂದರೆ ಈ ಕ್ಯಾಸೆಟ್‌ಗಳನ್ನು ಹಾಕಿ ನೋಡುವ ಯಂತ್ರ, ಸಿಕ್ಕಿತು. ಜಗತ್ತಿನಲ್ಲಿ ಕೊನೆಯದಾಗಿ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆಯೂ 2016ರಲ್ಲಿ ಅದನ್ನು ನಿಲ್ಲಿಸಿರುವುದರಿಂದ, ಯಾವ ದಾರಿ ಹಿಡಿದರೂ ಇಂಥ ಒಂದು ಹಳೆಯ ಯಂತ್ರವನ್ನು ಹುಡುಕಿಕೊಳ್ಳಲೇಬೇಕು.

ಮೊದಲು ತರಿಸಿದ್ದು ಯುಎಸ್‌ಬಿ ಡಬ್ಬಿ. ಬೆಲೆ ಏಳುನೂರು ರೂಪಾಯಿ. ಒಂದು ಕಡೆ ವಿಸಿಆರ್‌ನ ಹಳದಿ, ಕೆಂಪು, ಬಿಳಿ ತಂತಿಗಳನ್ನು ಚುಚ್ಚಿ ಇನ್ನೊಂದು ಕಡೆಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರಾಯಿತು. ಚಿತ್ರವೂ ತಕ್ಕಮಟ್ಟಿಗೆ ಚೆನ್ನಾಗಿಯೇ ಬಂತು. ತೊಂದರೆ ಕಾಣಿಸಿಕೊಂಡದ್ದು ಬಯಲಾಟದ ಕ್ಯಾಸೆಟ್‌ನಲ್ಲಿ. ಮೊದಲ ಹತ್ತು ನಿಮಿಷ ಎಲ್ಲವೂ ಸರಿಯಾಗಿತ್ತು. ಅರ್ಧ ಗಂಟೆಯ ಹೊತ್ತಿಗೆ ವೇಷಧಾರಿ ದಿಗಿಣ ಹೊಡೆದು ನೆಲ ಮುಟ್ಟಿದ ಮೇಲೆ ಚೆಂಡೆಯ ಪೆಟ್ಟು ಕೇಳಿಸತೊಡಗಿತು. ಒಂದು ಗಂಟೆ ಕಳೆಯುವಾಗ ಭಾಗವತರು ಬಾಯಿ ಮುಚ್ಚಿ ಜಾಗಟೆ ಕೆಳಗಿಟ್ಟಿದ್ದರೂ ಪದ್ಯ ಮುಂದುವರಿಯುತ್ತಲೇ ಇತ್ತು. ಮದುವೆಯ ವಿಡಿಯೊದಲ್ಲಿ ಇದನ್ನು ಯಾರೂ ಗಮನಿಸಲಾರರು, ಓಲಗ ಎರಡು ಕ್ಷಣ ತಡವಾದರೆ ಯಾರಿಗೂ ನಷ್ಟವಿಲ್ಲ. ಹೆಜ್ಜೆಗೂ ಚೆಂಡೆಗೂ ಕೂಡಿಬಾರದ ಆಟವನ್ನು ಮಾತ್ರ ನೋಡಲು ಸಾಧ್ಯವಿಲ್ಲ.

ಕಾರಣ ತಿಳಿಯಲು ಒಂದು ವಾರ ಬೇಕಾಯಿತು. ನಮ್ಮಲ್ಲಿ ಹಳೆಯ ಟಿವಿ, ವಿಡಿಯೊಗಳಿಗೆ ಬಳಸುತ್ತಿದ್ದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು ಬರಬೇಕು. ಸವೆದ ಟೇಪಿನಲ್ಲಿ ಸಂಕೇತ ಕದಲಿದಾಗ ಡಬ್ಬಿ ಆ ಚಿತ್ರಗಳನ್ನು ಹಿಡಿಯಲಾರದೆ ಬಿಟ್ಟುಬಿಡುತ್ತದೆ, ಆದರೆ ಧ್ವನಿ ತನ್ನ ಪಾಡಿಗೆ ದಾಖಲಾಗುತ್ತಲೇ ಇರುತ್ತದೆ. ಹೀಗೆ 50 ಚಿತ್ರಗಳು ತಪ್ಪಿದರೆ ಧ್ವನಿ ಎರಡು ಸೆಕೆಂಡು ಹಿಂದೆ ಬೀಳುತ್ತದೆ. ಈ ಅಂತರ ಒಂದೇ ಸಮನಾಗಿದ್ದಿದ್ದರೆ ಧ್ವನಿಯನ್ನು ಇಡಿಯಾಗಿ ಮುಂದಕ್ಕೆ ಸರಿಸಿ ಸರಿಪಡಿಸಬಹುದಿತ್ತು. ಇದಾದರೋ ಟೇಪು ಹಾಳಾದಲ್ಲೆಲ್ಲ ಸ್ವಲ್ಪ ಸ್ವಲ್ಪವೇ ಬೆಳೆಯುವಂಥದ್ದು. ಇಪ್ಪತ್ತು ಇಪ್ಪತ್ತು ನಿಮಿಷಗಳ ತುಂಡುಗಳಾಗಿ ಇಳಿಸಿದೆ, ಬೇರೆ ಸಾಫ್ಟ್‌ವೇರ್ ಹಾಕಿದೆ, ಲ್ಯಾಪ್‌ಟಾಪಿನ ವೈಫೈ ಆರಿಸಿ ನೋಡಿದೆ. ತುಂಡು ಮಾಡಿದಾಗ ದೋಷ ಕಡಿಮೆಯಾಯಿತೇ ಹೊರತು ಹೋಗಲಿಲ್ಲ.

ಆಮೇಲೆ ಪೇಟೆಯ ಒಂದು ಸ್ಟುಡಿಯೋಗೆ ಉಪನಯನದ ಕ್ಯಾಸೆಟ್ ಕೊಟ್ಟೆ. ನಾನೂರು ರೂಪಾಯಿ ಪಡೆದು ನಾಲ್ಕು ದಿನಗಳಲ್ಲಿ ಪೆನ್‌ಡ್ರೈವ್ ಕೊಟ್ಟರು. ಧ್ವನಿ ಸರಿಯಾಗಿತ್ತು. ಆದರೆ ಚೌಕಾಕಾರದ ಹಳೆಯ ಚಿತ್ರವನ್ನು ಈಗಿನ ಅಗಲ ಟಿವಿಗೆ ಹೊಂದುವಂತೆ ಎಳೆದಿದ್ದರಿಂದ ಬಡಕಲು ದೇಹದ ಅಜ್ಜಿ ಗುಂಡಗಾಗಿದ್ದರು, ಮೂಲೆಯಲ್ಲಿ ಸ್ಟುಡಿಯೋದ ಹೆಸರು ಉದ್ದಕ್ಕೂ ಮಿನುಗುತ್ತಿತ್ತು. ಒಂದೆರಡೇ ಕ್ಯಾಸೆಟ್ ಇರುವವರು, ಚಿತ್ರ ಎಳೆಯಬಾರದು, ಹೆಸರು ಹಾಕಬಾರದು ಎಂದು ಮೊದಲೇ ಹೇಳಿ ಕೊಡುವುದಾದರೆ, ಇದೂ ಆಗಬಹುದು.

ಡಿವಿಡಿ ರೆಕಾರ್ಡರನ್ನು ಮಂಗಳೂರಿನ ಒಬ್ಬರಿಂದ ಮೂರು ಸಾವಿರಕ್ಕೆ ತಂದೆ. ವಿಸಿಆರ್‌ನಂಥ ಯಂತ್ರಗಳಿಂದ ನೇರವಾಗಿ ದಾಖಲಿಸಲೆಂದೇ ಮಾಡಿದ ಪೆಟ್ಟಿಗೆಯಾದ್ದರಿಂದ, ಸಂಕೇತ ಕದಲಿದರೂ ಅದು ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೇ ಹಿಡಿದುಕೊಂಡು ಹೋಗುತ್ತದೆ. ಅದೇ ಬಯಲಾಟದ ಕ್ಯಾಸೆಟನ್ನು ಹಾಕಿದೆ. ಕೊನೆಯ ವರೆಗೂ ಚೆಂಡೆ ಹೆಜ್ಜೆಯನ್ನು ಬಿಡಲಿಲ್ಲ. ಡಿಸ್ಕನ್ನು ‘ಫೈನಲೈಸ್’ ಮಾಡಿ, ಅಂದರೆ ಬೇರೆ ಯಂತ್ರಗಳೂ ಓದುವಂತೆ ಮುಕ್ತಾಯಗೊಳಿಸಿ, ಕಂಪ್ಯೂಟರಿನ ಡ್ರೈವಿಗೆ ಹಾಕಿ ಕಡತಗಳನ್ನು ನಕಲು ಮಾಡಿಕೊಂಡರೆ ಮುಗಿಯಿತು. ಮತ್ತೆ ಅಳಿಸಿ ಬರೆಯಬಹುದಾದ ಎರಡು ಡಿಸ್ಕ್‌ಗಳೇ ಇಡೀ ಕೆಲಸಕ್ಕೆ ಸಾಕಾದವು.

ಇದರಲ್ಲಿ ಕಿರಿಕಿರಿ ಇಲ್ಲದಿಲ್ಲ. 4.7 ಜಿಬಿ ಡಿಸ್ಕಿಗೆ ಒಳ್ಳೆಯ ಗುಣಮಟ್ಟದಲ್ಲಿ ಎರಡು ಗಂಟೆಯಷ್ಟೇ ಹಿಡಿಯುವುದರಿಂದ ಮೂರು ಗಂಟೆಯ ಕ್ಯಾಸೆಟಿನ ನಡುವೆ ಎದ್ದು ಡಿಸ್ಕ್ ಬದಲಿಸಬೇಕು. ಚಿತ್ರದ ಬಣ್ಣವನ್ನು ಆಮೇಲೆ ತಿದ್ದಬೇಕೆನ್ನುವವರಿಗೆ ಈ ಕಡತಗಳಲ್ಲಿ ಅಷ್ಟೇನೂ ಅವಕಾಶವಿಲ್ಲ. ಮಳೆಗಾಲದಲ್ಲಿ ಗುಡುಗಿನೊಂದಿಗೆ ಕರೆಂಟು ಹೋದಾಗ ಎರಡು ಸಲ ಮೊದಲಿನಿಂದ ಆರಂಭಿಸಬೇಕಾಯಿತು. ಆಮೇಲೆ ವಿಸಿಆರನ್ನೂ ರೆಕಾರ್ಡರನ್ನೂ ಇನ್ವರ್ಟರಿಗೆ ಸೇರಿಸಿದೆ.

ಬಣ್ಣ ತಿದ್ದುವ, ಕತ್ತರಿಸಿ ಜೋಡಿಸುವ ಅಭ್ಯಾಸ ನನಗಿಲ್ಲ. ಪೆನ್‌ಡ್ರೈವನ್ನು ಟಿವಿಗೆ ಸಿಕ್ಕಿಸಿ ಅಮ್ಮನೊಂದಿಗೆ ಕುಳಿತು ನೋಡುವುದು, ಕೇಳಿದ ನೆಂಟರಿಗೆ ಒಂದು ಪ್ರತಿ ಕೊಡುವುದು, ಇಷ್ಟೇ ಉದ್ದೇಶ. ಒಂಬತ್ತನ್ನೂ ಸ್ಟುಡಿಯೋಗೆ ಕೊಟ್ಟಿದ್ದರೆ ಮೂರು ಸಾವಿರದ ಆರುನೂರು ರೂಪಾಯಿ ಆಗುತ್ತಿತ್ತು, ರೆಕಾರ್ಡರ್ ಕೈಯಲ್ಲಿ ಉಳಿಯುತ್ತಿರಲಿಲ್ಲ. ಈಗ ಅದು ಚಿಕ್ಕಮ್ಮನ ಮನೆಯ ಕ್ಯಾಸೆಟ್‌ಗಳಿಗಾಗಿ ಪೆರ್ಲಕ್ಕೆ ಹೋಗಿದೆ.

ನಮ್ಮ ಒಂಬತ್ತರಲ್ಲಿ ಏಳು ಮುಗಿದಿವೆ. ಉಳಿದ ಎರಡರಲ್ಲಿ ಟೇಪಿನ ಅಂಚಿಗೆ ಬಿಳಿ ಬೂಸು ಹಿಡಿದಿರುವುದರಿಂದ, ಅದು ವಿಸಿಆರ್‌ನೊಳಗೆ ಟೇಪನ್ನು ಓದುವ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್‌ಗಳಿಗೂ ಹರಡೀತೆಂಬ ಭಯಕ್ಕೆ ಅವನ್ನು ಬೇರೆ ಡಬ್ಬದಲ್ಲಿ ಕಟ್ಟಿಟ್ಟಿದ್ದೇನೆ.